ನಂಜಿಗೊಂದು ನಂಬರು

ನಮ್ಮ ಚೆನ್ನೈನಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರನ್ನು "ಎಲ್ಲಿ ಕೆಲಸ?" ಅಂತ ಕೇಳಿ ನೋಡಿ. "ಮೆಡಿಕಲ್ ಕೋಡಿಂಗ್, ಸಾರ್" ಅನ್ನುವ ಉತ್ತರ ಆಗಾಗ ಸಿಗುತ್ತದೆ. ಅಮೆರಿಕದ ಯಾವುದೋ ಆಸ್ಪತ್ರೆಯ ಕೇಸ್ ಶೀಟನ್ನು ಇಲ್ಲಿ ಕೂತು ಓದಿ, ವೈದ್ಯರು ಬರೆದ ಒಂದೊಂದು ಕಾಯಿಲೆಗೂ ಒಂದೊಂದು ನಂಬರು ಹಚ್ಚುವ ಕೆಲಸ ಅದು. ಆ ನಂಬರಿನ ಮೇಲೆ ಅಲ್ಲಿ ಬಿಲ್ಲು ಪಾಸಾಗುತ್ತದೆ. ನಾನು ಲೆಕ್ಕದವನು, ವೈದ್ಯನಲ್ಲ. ಆದರೆ ಈ ನಂಬರುಗಳ ಇತಿಹಾಸ ಕೆದಕಿದರೆ ಬ್ಯಾಂಕಿನವರಿಗೆ ತೀರಾ ಪರಿಚಿತವಾದ ಕಥೆ ಹೊರಬರುತ್ತದೆ. ಅದರಲ್ಲೂ ಸೆಪ್ಸಿಸ್ ಎಂಬ ಕಾಯಿಲೆಯ ಕಥೆ.

ಸೆಪ್ಸಿಸ್ ಅಂದರೆ ನಮ್ಮ ಆಡುಮಾತಿನ ನಂಜು ಅನ್ನಬಹುದು. ಎಲ್ಲೋ ಶುರುವಾದ ಸೋಂಕಿನ ಎದುರು ದೇಹ ಹದ್ದುಮೀರಿ ಹೋರಾಡಿ, ತನ್ನದೇ ಕಿಡ್ನಿ, ಶ್ವಾಸಕೋಶ, ಹೃದಯಗಳಿಗೆ ಹಾನಿ ಮಾಡಿಕೊಳ್ಳುತ್ತದೆ. ಪದ ಗ್ರೀಕರದು, ಕೊಳೆಯುವುದು ಎಂದು ಅರ್ಥ. ಮಲೇರಿಯಾಕ್ಕೆ ರಕ್ತ ಪರೀಕ್ಷೆ ಇದ್ದ ಹಾಗೆ, ಹೌದು ಅಥವಾ ಅಲ್ಲ ಎಂದು ಖಚಿತವಾಗಿ ಹೇಳುವ ಒಂದೇ ಪರೀಕ್ಷೆ ಇದಕ್ಕೆ ಇಂದಿಗೂ ಇಲ್ಲ. ನಾಲ್ಕಾರು ಲಕ್ಷಣ ಕೂಡಿಸಿ ವೈದ್ಯರೇ ತೀರ್ಮಾನಿಸಬೇಕು. ಕಥೆಯ ಗಂಟು ಇರುವುದೇ ಇಲ್ಲಿ.

ರೋಗಕ್ಕೆ ನಂಬರು ಕೊಡುವ ಪದ್ಧತಿ ಬಿಲ್ಲಿಗಾಗಿ ಹುಟ್ಟಿದ್ದಲ್ಲ, ಸಾವಿನ ಲೆಕ್ಕಕ್ಕಾಗಿ ಹುಟ್ಟಿದ್ದು. ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯಲ್ಲಿದ್ದ ವಿಲಿಯಂ ಫಾರ್, ರೋಗಗಳ ಹೆಸರು ತೂಕ ಅಳತೆಗಳಷ್ಟೇ ನಿಖರವಾಗಿರಬೇಕು ಎಂದು 1839ರಲ್ಲೇ ವಾದಿಸಿದ್ದ. 1893ರಲ್ಲಿ ಪ್ಯಾರಿಸ್ಸಿನ ಜಾಕ್ ಬೆರ್ಟಿಯೋಂ ಸಿದ್ಧಪಡಿಸಿದ ಮರಣ ಕಾರಣಗಳ ಪಟ್ಟಿಯನ್ನು ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆ ಒಪ್ಪಿಕೊಂಡಿತು. 1948ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಆರನೆಯ ಆವೃತ್ತಿಯಾದ ಅದರಲ್ಲಿ ಸಾವಿನ ಜತೆಗೆ ಕಾಯಿಲೆಗಳೂ ಸೇರಿದವು. ಅದೇ ಇಂದಿನ ಐಸಿಡಿ.

ಇದಕ್ಕೆ ದುಡ್ಡು ಅಂಟಿಕೊಂಡಿದ್ದು 1983ರಲ್ಲಿ. ಅಲ್ಲಿಯವರೆಗೆ ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಆಸ್ಪತ್ರೆಗೆ ಆದ ಖರ್ಚನ್ನು ಲೆಕ್ಕ ಹಾಕಿ ಕೊಡುತ್ತಿತ್ತು. ಖರ್ಚು ಹೆಚ್ಚಿದಷ್ಟೂ ವರಮಾನ! ಇದನ್ನು ಹಿಡಿತಕ್ಕೆ ತರಲು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೂಪಿಸಿದ್ದ ಡಿಆರ್‌ಜಿ ಪದ್ಧತಿಯನ್ನು ಆ ವರ್ಷದ ಅಕ್ಟೋಬರ್‌ನಿಂದ ಜಾರಿಗೆ ತಂದರು. ರೋಗಿಗಳನ್ನು ಸುಮಾರು 470 ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಂದು ತೂಕ, ತೂಕಕ್ಕೆ ತಕ್ಕ ಮೊತ್ತ. ರೋಗಿ ಮೂರು ದಿನ ಇದ್ದರೂ ಏಳು ದಿನ ಇದ್ದರೂ ಸಾಮಾನ್ಯವಾಗಿ ಅಷ್ಟೇ. ಫಾರ್ ಮಹಾಶಯನ ಅಂಕಿಅಂಶ ಅಂದಿನಿಂದ ವೋಚರ್ ಆಯಿತು.

ಈಗ ನಂಜಿಗೆ ಬರೋಣ. 1991ರಲ್ಲಿ ಅಮೆರಿಕದ ತಜ್ಞರು ಸಭೆ ಸೇರಿ ಒಂದು ವ್ಯಾಖ್ಯೆ ಮಾಡಿದರು, ಅದು 1992ರಲ್ಲಿ ಪ್ರಕಟವಾಯಿತು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮೀರಿರಬೇಕು ಅಥವಾ 36ಕ್ಕಿಂತ ಕೆಳಗಿರಬೇಕು; ನಾಡಿ 90 ದಾಟಿರಬೇಕು; ಉಸಿರಾಟ ನಿಮಿಷಕ್ಕೆ 20 ದಾಟಿರಬೇಕು; ಬಿಳಿರಕ್ತಕಣ 12,000 ಮೀರಿರಬೇಕು ಅಥವಾ 4,000ಕ್ಕಿಂತ ಕಡಿಮೆ ಇರಬೇಕು. ಈ ನಾಲ್ಕರಲ್ಲಿ ಎರಡು ಇದ್ದು, ಜತೆಗೆ ಸೋಂಕೂ ಇದ್ದರೆ ಸೆಪ್ಸಿಸ್. ಯಾರನ್ನೂ ಕೈತಪ್ಪಿಸಬಾರದು ಅನ್ನುವ ದೊಡ್ಡ ಬಲೆ ಇದು. ಆದರೆ ಜೋರು ಜ್ವರ ಬಂದವರ ನಾಡಿ ತಾನಾಗಿಯೇ 90 ದಾಟುವುದುಂಟು, ಅಲ್ಲವೇ?

2002ರ ಅಕ್ಟೋಬರ್‌ನಲ್ಲಿ ಇದಕ್ಕೆ ಪ್ರತ್ಯೇಕ ಕೋಡ್ ಬಂತು. ಅಂಗಾಂಗಕ್ಕೆ ಹಾನಿ ಇಲ್ಲದಿದ್ದರೆ 995.91, ಇದ್ದರೆ 995.92. 2007ರಲ್ಲಿ ಗುಂಪುಗಳನ್ನೇ ಪುನರ್ವಿಂಗಡಿಸಿದಾಗ ಸೆಪ್ಸಿಸ್‌ಗೆ 870, 871, 872 ಎಂಬ ಮೂರು ಖಾತೆಗಳಾದವು. ನಿಯಮ ಇನ್ನೂ ಒಂದಿದೆ. ದಾಖಲಾಗುವಾಗಲೇ ನ್ಯುಮೋನಿಯಾ, ಸೆಪ್ಸಿಸ್ ಎರಡೂ ಇದ್ದರೆ ಸೆಪ್ಸಿಸ್ ಮೊದಲು ಬರೆಯಬೇಕು, ನ್ಯುಮೋನಿಯಾ ಆಮೇಲೆ. 2020ರ ಆಸುಪಾಸಿನಲ್ಲಿ ದೊಡ್ಡ ತೊಡಕುಗಳಿರುವ ನ್ಯುಮೋನಿಯಾದ ತೂಕ ಸುಮಾರು 1.3, ಅಂಥದೇ ಸೆಪ್ಸಿಸ್‌ನ (871) ತೂಕ 1.8ಕ್ಕೂ ಮೇಲೆ. ರೋಗಿ ಅದೇ, ಹಾಸಿಗೆ ಅದೇ, ವೈದ್ಯರು ಬರೆದ ಒಂದು ಪದ ಬೇರೆ.

ಪರಿಣಾಮ ಏನಾಯಿತು? 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಅಧ್ಯಯನ ಬಂತು. 2003ರಿಂದ 2009ರೊಳಗೆ ನ್ಯುಮೋನಿಯಾ ಮುಖ್ಯ ಕಾಯಿಲೆಯಾಗಿ ದಾಖಲಾದವರ ಪ್ರಮಾಣ 27.4% ಇಳಿದಿತ್ತು. ಸೆಪ್ಸಿಸ್ ಮೊದಲು, ನ್ಯುಮೋನಿಯಾ ಎರಡನೆಯದು ಎಂದು ದಾಖಲಾದವರ ಪ್ರಮಾಣ 177.6% ಏರಿತ್ತು. ನ್ಯುಮೋನಿಯಾದ ಸಾವೂ ಕಡಿಮೆಯಾದಂತೆ ಕಂಡಿತ್ತು, ಆದರೆ ಎರಡೂ ಗುಂಪು ಕೂಡಿಸಿದರೆ ಹೆಚ್ಚೇನೂ ಬದಲಾವಣೆ ಇರಲಿಲ್ಲ. ತೀರಾ ಕಾಯಿಲೆಯಾದವರು ಪಕ್ಕದ ಖಾತೆಗೆ ವರ್ಗವಾಗಿದ್ದರು, ಅಷ್ಟೇ. 2017ರಲ್ಲಿ 409 ಆಸ್ಪತ್ರೆಗಳ ದಾಖಲೆ ನೋಡಿದ ಇನ್ನೊಂದು ಅಧ್ಯಯನ ಬಂತು. ಬಿಲ್ಲಿನ ಲೆಕ್ಕದಲ್ಲಿ 2009ರಿಂದ 2014ರವರೆಗೆ ಸೆಪ್ಸಿಸ್ ವರ್ಷಕ್ಕೆ 10.3% ಏರಿದ್ದರೆ, ರೋಗಿಗಳ ಕೇಸ್ ಶೀಟಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು.

ನಮ್ಮಲ್ಲೂ 2004ರ ಮಾರ್ಚ್‌ನಲ್ಲಿ ವಸೂಲಾಗದ ಸಾಲದ ಗಡುವು ಎರಡು ಕ್ವಾರ್ಟರ್‌ನಿಂದ 90 ದಿನಕ್ಕೆ ಇಳಿಯಿತು. ಸಾಲಗಾರ ಅವನೇ, ಬಾಕಿಯೂ ಅಷ್ಟೇ, ಖಾತೆಯ ಹೆಸರು ಮಾತ್ರ ಬೇರೆ. ವ್ಯಾಖ್ಯೆ ನೋಡದೆ ಎರಡು ವರ್ಷದ ಬ್ಯಾಲೆನ್ಸ್ ಶೀಟು ಹೋಲಿಸಬಾರದು ಅಂತ ನಮಗೆ ಕಲಿಸಿದ್ದು ಇದೇ.

ಹಾಗಾದರೆ ಇದೆಲ್ಲ ಆಸ್ಪತ್ರೆಗಳ ದುರಾಸೆಯೇ? ಅಷ್ಟು ಸುಲಭವಾಗಿ ಹೇಳಲಾಗದು. 2012ರಲ್ಲಿ ನ್ಯೂಯಾರ್ಕಿನ ರೋರಿ ಸ್ಟಾಂಟನ್ ಎಂಬ 12 ವರ್ಷದ ಹುಡುಗ ಶಾಲೆಯಲ್ಲಿ ಆಡುತ್ತಾ ಬಿದ್ದು ತೋಳು ತರಚಿಕೊಂಡ. ಜ್ವರ, ವಾಂತಿ ಶುರುವಾಯಿತು. ಹೊಟ್ಟೆಯ ತೊಂದರೆ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 1ರಂದು, ಸೆಪ್ಸಿಸ್‌ನಿಂದ ತೀರಿಕೊಂಡ. ಆ ತಂದೆತಾಯಿಯ ಹೋರಾಟದಿಂದ 2013ರಲ್ಲಿ ನ್ಯೂಯಾರ್ಕ್ ರಾಜ್ಯ, ಸೆಪ್ಸಿಸ್ ಬೇಗ ಗುರುತಿಸುವ ಕ್ರಮವನ್ನು ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿತು. ದೊಡ್ಡ ಬಲೆಗೆ ಇಂಥ ಮಕ್ಕಳೂ ಕಾರಣ.

2016ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ತಜ್ಞರು ವ್ಯಾಖ್ಯೆಯನ್ನು ಬಿಗಿ ಮಾಡಿದರು. ಅಂಗಾಂಗಕ್ಕೆ ಹಾನಿ ಆಗಿದ್ದರೆ ಮಾತ್ರ ಸೆಪ್ಸಿಸ್. ಆದರೆ 2015ರ ಅಕ್ಟೋಬರ್‌ನಲ್ಲಿ ಬಂದಿದ್ದ ಹೊಸ ಕೋಡ್‌ಗಳು (ಎ41.9, ಆರ್65.20 ಇತ್ಯಾದಿ) ಹಳೆಯ ವ್ಯಾಖ್ಯೆಯ ಮೇಲೆ ನಿಂತಿದ್ದವು. ಮೆಡಿಕೇರ್ ಹಳೆಯದನ್ನೇ ಇಟ್ಟುಕೊಂಡಿತು. ಖಾಸಗಿ ವಿಮೆಯವರು ಕೆಲವರು ಹೊಸದನ್ನು ಹಿಡಿದು ಕ್ಲೇಮು ತಿರಸ್ಕರಿಸತೊಡಗಿದರು. ಹೀಗೆ ಒಬ್ಬನೇ ರೋಗಿ ಒಂದು ಕಚೇರಿಯಲ್ಲಿ ಸೆಪ್ಸಿಸ್, ಇನ್ನೊಂದರಲ್ಲಿ ಬರೀ ಸೋಂಕು! 2019ರಲ್ಲಿ ಮೆಡಿಕೇರ್‌ಗೆ ಅತಿ ಹೆಚ್ಚು ಬಿಲ್ಲು ಹೋದದ್ದು 871ರ ಮೇಲೆಯೇ: 5,81,000 ದಾಖಲಾತಿ, 740 ಕೋಟಿ ಡಾಲರ್.

ನನಗನ್ನಿಸುವುದು ಇಷ್ಟು. ಹಾಸಿಗೆಯ ಪಕ್ಕದ ವೈದ್ಯರಿಗೆ ಅನುಮಾನ ಬಂದ ಕೂಡಲೇ ಆ ಪದ ಬಾಯಿಗೆ ಬರಬೇಕು, ತಡ ಆದರೆ ಜೀವ ಹೋಗುತ್ತದೆ. ಹಣ ಕೊಡುವವನಿಗೆ ಅದೇ ಪದಕ್ಕೆ ಸಾಕ್ಷಿ ಬೇಕು. ಲೆಕ್ಕ ಬರೆಯುವವನಿಗೆ ಅದು ವರ್ಷ ವರ್ಷ ಬದಲಾಗಬಾರದು. ಮೂವರಿಗೂ ಒಂದೇ ನಂಬರು ಕೊಟ್ಟು ಕೂರಿಸಿದ್ದು 1983. ನಡುವೆ ಇಲ್ಲಿನ ಯಾವುದೋ ಕಂಪ್ಯೂಟರಿನ ಮುಂದೆ ಕೂತ ನಮ್ಮ ಹುಡುಗಿ, ವೈದ್ಯರ ಬರಹ ಅಸ್ಪಷ್ಟವಾಗಿದ್ದರೆ ತಾನೇ ಊಹಿಸದೆ, ವಾಪಸ್ ಕೇಳಿ ಬರೆಸಿಕೊಳ್ಳಬೇಕು ಅನ್ನುತ್ತದೆ ನಿಯಮ. ಸಹಿ ಇಲ್ಲದ ಚೆಕ್ಕನ್ನು ನಾವು ವಾಪಸ್ ಕಳಿಸಿದ ಹಾಗೆ. ಏನಂತೀರಿ?