ಕಡತವೂ ಚರಲೇಖ್ಯದ ಸ್ಥಾನವೂ

ಲೇಖ್ಯಗಳಲ್ಲಿ ಸ್ಥಿರವೆಂದೂ ಚರವೆಂದೂ ಎರಡು ಭೇದಗಳುಂಟು. ಸ್ಥಿರಲೇಖ್ಯವು ಆಚಂದ್ರಾರ್ಕವಾಗಿ ನಿಲ್ಲತಕ್ಕದ್ದು. ಚರಲೇಖ್ಯವು ವ್ಯವಹಾರವು ನಡೆದಂತೆಲ್ಲ ಮಾರ್ಪಡತಕ್ಕದ್ದು. ಇವೆರಡಕ್ಕೂ ನೆಲೆಯು ಬೇರೆಯಾಗಿರಬೇಕೆಂಬುದನ್ನು ಕನ್ನಡನಾಡಿನ ಪೂರ್ವಿಕರು ಬಲ್ಲವರಾಗಿದ್ದರು. ರಟ್ಟವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದ ರಾಯಬಾಗದ ಶಾಸನವು (ಕ್ರಿ. ಶ. 1201) ದತ್ತಿಯನ್ನು ಶಿಲೆಯಲ್ಲಿ ನೆಲೆಗೊಳಿಸಿತು. ದಿನದಿನದ ಲೆಕ್ಕವನ್ನಾದರೋ ಹಿಂದಿನ ವರ್ತಕರು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದುದೇ ಕಡತ. ಬಳಪದಿಂದ ಅದರಲ್ಲಿ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು.

ಈ ಎರಡರ ನಡುವೆ ಮೂರನೆಯದೊಂದುಂಟು. ಅದು ಮಾರ್ಪಡತಕ್ಕದ್ದಾದರೂ ಅಳಿಯತಕ್ಕದ್ದಲ್ಲ. ಭೂಮಿಯ ಲೆಕ್ಕವೇ ಇದಕ್ಕೆ ಉದಾಹರಣೆ. ಮೋಜಣಿಯಲ್ಲಿ ಗೊತ್ತುಮಾಡಿದ ಗಡಿಯೂ ವಿಸ್ತೀರ್ಣವೂ ಬಹುಕಾಲ ನಿಲ್ಲುವುವು. ಕ್ರಯದಿಂದಲೂ ವಾರಸಿನಿಂದಲೂ ಹಿಡುವಳಿದಾರನ ಹೆಸರು ಬದಲಾಗುವುದು. ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಚಿಕ್ಕೋಡಿ, ಅಥಣಿ ತಾಲೂಕುಗಳ ಪ್ರಾಂತಕ್ಕಾಗಿ 1903ರ ಹಕ್ಕುದಾಖಲೆಯ ಕಾಯಿದೆಯು ಬದಲಾವಣೆಗಳಿಗೆಂದೇ ಪ್ರತ್ಯೇಕವಾದ ವಹಿಯನ್ನು ವಿಧಿಸಿತು. ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿದ್ದಿತು. ಬದಲಾವಣೆಯು ವಹಿಗೆ ಏರದಿದ್ದರೆ ಉತಾರದಲ್ಲಿ ಮೃತನ ಹೆಸರೇ ಉಳಿಯುವುದು. ಬದುಕಿರುವ ಮಗನಿಗೆ ಸಾಲವು ದೊರೆಯುವುದು ದುಸ್ಸಾಧ್ಯವಾಗುವುದು. 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಈ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಸೇರಿತು. ಅನಂತರ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳಲ್ಲಿಯೂ ಉತಾರವು ಯಂತ್ರದಿಂದಲೇ ಹೊರಬರುತ್ತದೆ.

ಗಣಕದಲ್ಲಿರುವ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರು. ಆ ಯಂತ್ರವನ್ನು ನಡೆಸುವ ವ್ಯವಸ್ಥೆಯು ತನ್ನ ಚರಲೇಖ್ಯಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆಯು ಅಲ್ಲಿಯೂ ಹುಟ್ಟಿತು. 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯ ಹಳೆಯ ಕ್ರಮದಲ್ಲಿ, ಸ್ಥಿರವಾದ ಕಾರ್ಯವಿಧಿಗಳಿದ್ದ 'ಯುಎಸ್‌ಆರ್' ಎಂಬ ಭಂಡಾರದಲ್ಲಿಯೇ ದಿನಚರಿಯೂ ಅಂಚೆಯ ಸರದಿಯೂ ಬೆರೆತಿದ್ದವು. ಒಂದೇ ಭಂಡಾರವನ್ನು ಅನೇಕ ಯಂತ್ರಗಳು ತಂತಿಯ ಮೂಲಕ ಓದತೊಡಗಿದಾಗ ಈ ಸಂಕರವು ಬಾಧಕವಾಯಿತು. ಎಲ್ಲರೂ ಓದುವ ಗ್ರಂಥದಲ್ಲಿ ಒಬ್ಬೊಬ್ಬರೂ ತಮ್ಮ ಲೆಕ್ಕವನ್ನು ಬರೆಯಲಾಗದು. 1988ರ ಸನ್ ಓಎಸ್ 4ರಲ್ಲಿ ಚರಭಾಗವು 'ವಾರ್' ಎಂಬ ಬೇರೆ ಸ್ಥಾನಕ್ಕೆ ಹೋಯಿತು. 1994ರಲ್ಲಿ ಲಿನಕ್ಸ್ ಪಂಥದವರೂ ಇದನ್ನೇ ನಿಯಮವಾಗಿ ಬರೆದರು.

ಆದರೆ 'ವಾರ್' ಸ್ಥಾನದಲ್ಲಿ ವಹಿಯೂ ಕಡತವೂ ಇನ್ನೂ ಬೆರೆತೇ ಇದ್ದವು. ನಡೆಯುತ್ತಿರುವ ಪ್ರತಿಯೊಂದು ಕ್ರಿಯೆಗೂ ಯಂತ್ರವು ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯನ್ನು ಅಲ್ಲಿ ಗುರುತುಹಾಕಿಡುವ ರೂಢಿಯಿತ್ತು. ಯಂತ್ರವು ಹಠಾತ್ತಾಗಿ ನಿಂತು ಪುನಃ ಹೊರಟಾಗ ಆ ಗುರುತು ಉಳಿದಿದ್ದು, ಅದೇ ಸಂಖ್ಯೆಯು ಅನ್ಯಕ್ರಿಯೆಗೆ ಸಂದಿದ್ದರೆ, ಒಂದನ್ನು ನಿಲ್ಲಿಸಹೋಗಿ ಮತ್ತೊಂದನ್ನು ನಿಲ್ಲಿಸಿದಂತಾಗುವುದು. ಇದು ಮೃತನ ಹೆಸರಿನ ಉತಾರಕ್ಕೆ ಸಮಾನವಾದ ದೋಷ. ಅಲ್ಲದೆ 'ವಾರ್' ಬೇರೊಂದು ಡಿಸ್ಕಿನಲ್ಲಿದ್ದರೆ ಯಂತ್ರಾರಂಭದ ಮೊದಲ ಕ್ಷಣಗಳಲ್ಲಿ ದೊರೆಯದೆಯೂ ಇರಬಹುದು. ಆದುದರಿಂದ 2011ರಲ್ಲಿ ಫೆಡೋರಾ 15 ಎಂಬ ಆವೃತ್ತಿಯು 'ರನ್' ಎಂಬ ಸ್ಥಾನವನ್ನು ಏರ್ಪಡಿಸಿತು. ಅದು ಯಂತ್ರದ ಸ್ಮೃತಿಯಲ್ಲಿ ಮಾತ್ರ ಇದ್ದು, ಯಂತ್ರವು ನಿಂತೊಡನೆ ತಾನೇ ಅಳಿಯುತ್ತದೆ. 2015ರ ನಿಯಮಾವಳಿಯು ಇದನ್ನು ಅಂಗೀಕರಿಸಿತು.

ಹೀಗೆ 'ಯುಎಸ್‌ಆರ್' ಶಿಲೆಯ ಸ್ಥಾನದಲ್ಲಿಯೂ, 'ವಾರ್' ವಹಿಯ ಸ್ಥಾನದಲ್ಲಿಯೂ, 'ರನ್' ಪ್ರಾಚೀನ ಕಡತದ ಸ್ಥಾನದಲ್ಲಿಯೂ ನಿಲ್ಲುತ್ತವೆ. ಕಡತವೆಂಬ ಶಬ್ದವು ಇಂದು ಕಚೇರಿಯಲ್ಲಿ ಕಾಪಾಡಿಡುವ ಕಾಗದಗಳ ಕಟ್ಟಿಗೆ ಸಲ್ಲುತ್ತಿದ್ದು, ಒರೆಸತಕ್ಕದ್ದೆಂಬ ಮೂಲಾರ್ಥವು ಮರೆಯಾಗಿದೆ. ಕೆಲವು ಬರಹಗಳು ಕಾಲಕ್ಕೆ ಸರಿಯಾಗಿ ಅಳಿದರೇನೇ ಉಳಿದವುಗಳು ಪ್ರಮಾಣವಾಗುವುವೆಂಬ ವಿಚಾರವನ್ನು ಆ ಮೂಲಾರ್ಥವೇ ತಿಳಿಸುತ್ತದೆ.