ನಕ್ಷೆಯ ಮೇಲೆಯೇ ಕಟ್ಟುವ ವಿಮಾನ

ಎಂಜಿನಿಯರಿಂಗ್ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಕಳೆದ ವರ್ಷ ಒಂದು ಗ್ಲೈಡರ್ ಮಾಡಲು ಹೊರಟ. ಹಿಂದೆ ಯಾರೋ ಸೀನಿಯರ್ ಇಂಕ್‌ಸ್ಕೇಪ್‌ನಲ್ಲಿ ಬರೆದಿಟ್ಟಿದ್ದ ನಕ್ಷೆಯ ಫೈಲು ಅವನ ಕೈಗೆ ಸಿಕ್ಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು ಪಿಡಿಎಫ್ ಮಾಡಿದೆವು. ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಅಂಗಡಿಯೊಂದರಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿದೆವು. ಎರಡು ದಿನ ಕೂತು ಬಾಲ್ಸಾ ಹಾಳೆಯಲ್ಲಿ ರೆಕ್ಕೆಯ ರಿಬ್‌ಗಳನ್ನು ಕತ್ತರಿಸಿಯೂ ಆಯಿತು. ಆದರೆ 3 ಮಿ.ಮೀ. ದಪ್ಪದ ಪ್ಲೈವುಡ್ಡು ತನಗೆಂದೇ ಬಿಟ್ಟಿದ್ದ ಕಚ್ಚಿನೊಳಗೆ ಇಳಿಯಲಿಲ್ಲ. "ಸ್ವಲ್ಪ ಉಜ್ಜಿಬಿಡ್ತೀನಿ ಬಿಡಕ್ಕ" ಎಂದು ಮರಳುಕಾಗದ ಹಿಡಿದ. ಒಂದನ್ನು ಉಜ್ಜಿದ, ಎರಡನ್ನು ಉಜ್ಜಿದ. ಎಲ್ಲ ಕಚ್ಚುಗಳೂ ಒಂದೇ ಅಳತೆಯಲ್ಲಿ ಬಿಗಿಯಾಗಿದ್ದವು. ಅನುಮಾನ ಬಂದು ರೆಕ್ಕೆಯನ್ನು ಅಳೆದೆವು. ನಕ್ಷೆಯಲ್ಲಿ 800 ಮಿ.ಮೀ. ಎಂದು ಬರೆದಿತ್ತು, ಹಾಳೆಯ ಮೇಲೆ ಇದ್ದದ್ದು 750.

ಅಂಗಡಿಯವರನ್ನು ಕೇಳಿದರೆ, "ಮೇಡಂ, ನೀವು ಕೊಟ್ಟಿದ್ದನ್ನೇ ಹೊಡೆದಿದ್ದೀವಿ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆ 50 ಮಿಲಿಮೀಟರು ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದು ಒಂದು ಸಾಫ್ಟ್‌ವೇರಿನ ದೋಷವಷ್ಟೇ ಅಲ್ಲ, ವಕ್ರರೇಖೆಯೊಂದರ ಉದ್ದನೆಯ ಚರಿತ್ರೆ.

ಮೊದಲು, ಮಾದರಿ ವಿಮಾನದ ನಕ್ಷೆ ಎಂದರೇನು ಎಂಬುದನ್ನು ನೋಡೋಣ. ಮನೆಯ ನಕ್ಷೆಯ ಮೇಲೆ ಯಾರೂ ಇಟ್ಟಿಗೆ ಇಡುವುದಿಲ್ಲ. ಅದು ಮನೆಯ ಬಗ್ಗೆ ಹೇಳುವ ಚಿತ್ರ. ಯಂತ್ರಭಾಗಗಳ ನಕ್ಷೆಯೂ ಹಾಗೆಯೇ. ಎಷ್ಟೋ ನಕ್ಷೆಗಳ ಮೂಲೆಯಲ್ಲಿ, ಹಾಳೆಯನ್ನು ಅಳೆಯಬೇಡಿ, ಬರೆದಿರುವ ಅಂಕಿಯನ್ನು ಮಾತ್ರ ನಂಬಿ ಎಂಬ ಎಚ್ಚರಿಕೆಯಿರುತ್ತದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿಮುದ್ರಣದ ವಿಧಾನದಲ್ಲಿ ಕಾಗದವನ್ನು ನೀರಿನಲ್ಲಿ ತೊಳೆಯಬೇಕಿತ್ತು. ಒಣಗುವಾಗ ಅದು ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಕಾಗದವನ್ನು ನಂಬದಿರುವುದು ಎಂಜಿನಿಯರುಗಳ ರೂಢಿಯಾದದ್ದು ಸಹಜವೇ.

ಮಾದರಿ ವಿಮಾನದ ನಕ್ಷೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದನ್ನು ಮಾದರಿಯ ನಿಜವಾದ ಗಾತ್ರದಲ್ಲೇ ಬರೆದಿರುತ್ತಾರೆ. ಮೆತ್ತನೆಯ ಮರದ ಹಲಗೆಯ ಮೇಲೆ ಅದನ್ನು ಹರಡಿ, ಅಂಟು ಹತ್ತದಂತೆ ಮೇಲೊಂದು ಮೇಣದ ಕಾಗದ ಹಾಸಿ, ಗೆರೆಗಳ ಮೇಲೆಯೇ ಬಾಲ್ಸಾ ಕಡ್ಡಿಗಳನ್ನಿಟ್ಟು ಗುಂಡುಸೂಜಿ ಚುಚ್ಚಿ ಅಂಟಿಸುತ್ತಾರೆ. ಅಂಟು ಒಣಗಿದ ಮೇಲೆ ಬಿಡಿಸಿಕೊಂಡರೆ, ಗೆರೆಯಾಗಿದ್ದದ್ದು ಮರವಾಗಿ ಮೇಲೇಳುತ್ತದೆ. ಈ ನಕ್ಷೆಯಲ್ಲಿ ಅಂಕಿಗಳು ಕಡಿಮೆ. ಹೆಚ್ಚಿನ ಕಡೆ ಗೆರೆಯೇ ಅಳತೆ. ಹಾಗಾಗಿ ಕಾಗದ ಸುಳ್ಳು ಹೇಳಿದರೆ ವಿಮಾನವೂ ಸುಳ್ಳಾಗುತ್ತದೆ.

ಪೂರ್ಣ ಗಾತ್ರದಲ್ಲಿ ಬರೆಯುವ ಈ ಪದ್ಧತಿ ಬಂದದ್ದು ಹಡಗುಕಟ್ಟೆಗಳಿಂದ. ಹಡಗಿನ ಒಡಲಿನ ಗೆರೆಗಳನ್ನು ದೊಡ್ಡ ಅಟ್ಟದ ನೆಲದ ಮೇಲೆ ಹಡಗಿನಷ್ಟೇ ದೊಡ್ಡದಾಗಿ ಬರೆದು, ಅದರಿಂದ ಅಚ್ಚು ತೆಗೆದು ಮರವನ್ನು ಕೊಯ್ಯುತ್ತಿದ್ದರು. ಅಷ್ಟು ಉದ್ದದ ಬಾಗಿದ ಗೆರೆಯನ್ನು ಕೈಯಲ್ಲಿ ಎಳೆಯುವುದಾದರೂ ಹೇಗೆ? ಅದಕ್ಕೆ ತೆಳ್ಳಗಿನ, ಬಳುಕುವ ಮರದ ಪಟ್ಟಿಯೊಂದಿತ್ತು. ಹೆಸರು ಸ್ಪ್ಲೈನ್. ಬೇಕಾದ ಬಿಂದುಗಳ ಮೇಲೆ ಅದು ಹಾಯುವಂತೆ ಸೀಸದ ತೂಕಗಳಿಂದ ಒತ್ತಿ ಹಿಡಿಯುತ್ತಿದ್ದರು. ಆ ತೂಕಗಳ ಆಕಾರ ನೋಡಿ ಅವನ್ನು ಬಾತುಕೋಳಿಗಳೆಂದೇ ಕರೆಯುತ್ತಿದ್ದರು. ಎರಡು ತೂಕಗಳ ನಡುವೆ ಪಟ್ಟಿ ತನಗೆ ಅತಿ ಕಡಿಮೆ ಶ್ರಮವಾಗುವ ಹಾದಿಯಲ್ಲಿ ಬಾಗುತ್ತದೆ. ನಮ್ಮ ಕಣ್ಣಿಗೆ 'ನಯವಾದ ಗೆರೆ' ಎನಿಸುವುದು ಬಹುಮಟ್ಟಿಗೆ ಅದೇ.

ವಿಮಾನ ಕಾರ್ಖಾನೆಗಳು ಈ ಅಟ್ಟವನ್ನೂ ಪಟ್ಟಿಯನ್ನೂ ಬಳುವಳಿಯಾಗಿ ಪಡೆದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದರಲ್ಲಿ ಒಂದು ಬಿರುಕು ಕಾಣಿಸಿತು. ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಯ ರಾಯ್ ಲೈಮಿಂಗ್, ಪಿ-51 ಮಸ್ಟಾಂಗ್ ವಿಮಾನದ ಮೈಯ ಗೆರೆಗಳನ್ನು ಮರದ ಪಟ್ಟಿಯ ಬಳುಕಿಗೆ ಬಿಡದೆ, ಶಂಕುಜಗಳೆಂಬ ಗಣಿತದ ವಕ್ರರೇಖೆಗಳಿಂದ ಲೆಕ್ಕ ಹಾಕಿದ. 1944ರಲ್ಲಿ ಆ ವಿಧಾನವನ್ನು ಪುಸ್ತಕವಾಗಿಯೂ ತಂದ. ಪಟ್ಟಿಯಿಂದ ಎಳೆದ ಗೆರೆಯನ್ನು ಇನ್ನೊಂದು ಊರಿಗೆ ಕಳಿಸಬೇಕಾದರೆ ಅಚ್ಚನ್ನೇ ಹೊತ್ತೊಯ್ಯಬೇಕು. ಲೆಕ್ಕವಾದರೆ ಅಂಕಿಗಳನ್ನು ಕಳಿಸಿದರೆ ಸಾಕು.

ಅದೇ ಕಾಲದಲ್ಲಿ ಮಾದರಿ ವಿಮಾನದ ಲೋಕ ಕಾಗದವನ್ನೇ ನೆಚ್ಚಿಕೊಂಡು ಬೆಳೆಯುತ್ತಿತ್ತು. ಅಮೆರಿಕದಲ್ಲಿ 1929ರಲ್ಲಿ 'ಮಾಡೆಲ್ ಏರ್‌ಪ್ಲೇನ್ ನ್ಯೂಸ್', ಇಂಗ್ಲೆಂಡಿನಲ್ಲಿ 1935ರಲ್ಲಿ 'ಏರೋಮಾಡೆಲರ್' ಪತ್ರಿಕೆಗಳು ಹುಟ್ಟಿದವು. ಪುಟಕ್ಕೆ ಹೊಂದುವಂತೆ ಕುಗ್ಗಿಸಿ ಅಚ್ಚಾದ ನಕ್ಷೆಯನ್ನು ಓದುಗರು ಚೌಕುಳಿ ಹಾಕಿಕೊಂಡು ಹಿಗ್ಗಿಸಬೇಕಿತ್ತು, ಇಲ್ಲವೇ ಪೂರ್ಣ ಗಾತ್ರದ ಹಾಳೆಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳಬೇಕಿತ್ತು. ರೆಕ್ಕೆಯ ಅಡ್ಡಕೊಯ್ತದ ಆಕಾರ, ಅಂದರೆ ಏರ್‌ಫಾಯಿಲ್, ಕೋಷ್ಟಕವಾಗಿ ಸಿಗುತ್ತಿತ್ತು. ಅಮೆರಿಕದ ನಾಕಾ ಸಂಸ್ಥೆ 1933ರ ತನ್ನ 460ನೆಯ ವರದಿಯಲ್ಲಿ 78 ಏರ್‌ಫಾಯಿಲ್‌ಗಳ ಪರೀಕ್ಷೆಯ ವಿವರ ಕೊಟ್ಟಿತು. ಇಂಥ ಕೋಷ್ಟಕಗಳಲ್ಲಿ ರೆಕ್ಕೆಯ ಅಗಲದ ಶೇಕಡಾ ಇಷ್ಟರ ಜಾಗದಲ್ಲಿ ಮೇಲ್ಮೈ ಇಷ್ಟು ಎತ್ತರ, ಕೆಳಮೈ ಇಷ್ಟು ಎಂದಿರುತ್ತದೆ. ಹುಡುಗರು ಒಂದೊಂದೇ ಬಿಂದು ಗುರುತಿಸಿ, ಫ್ರೆಂಚ್ ಕರ್ವ್ ಎಂಬ ಪಟ್ಟಿ ಇಟ್ಟು ಗೆರೆ ಕೂಡಿಸುತ್ತಿದ್ದರು.

ಈ ಹುಡುಗರ ನಿಖರತೆಗೆ ಒಮ್ಮೆ ದೇಶದ ರಕ್ಷಣೆಯ ಕೆಲಸವೇ ಬಂತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ 5 ಲಕ್ಷ ಮರದ ಮಾದರಿಗಳನ್ನು ಕೇಳಿತು. ಶತ್ರುವಿನದು ಯಾವುದು, ನಮ್ಮದು ಯಾವುದು ಎಂದು ಸೈನಿಕರಿಗೆ ಗುರುತು ಹಿಡಿಸಲು ಅವು ಬೇಕಾಗಿದ್ದವು. ಎಲ್ಲವೂ 1:72 ಪ್ರಮಾಣದಲ್ಲಿರಬೇಕಿತ್ತು. 10 ಮೀಟರ್ ದೂರದಲ್ಲಿಟ್ಟ ಅಂಥ ಮಾದರಿ 720 ಮೀಟರ್ ಆಚೆಯ ನಿಜ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಮಾದರಿಯ ಗಾತ್ರ ತಪ್ಪಿದರೆ ದೂರದ ಅಂದಾಜು ತಪ್ಪುತ್ತದೆ. ಅಂಥ ತಪ್ಪಿಗೆ ಯುದ್ಧದಲ್ಲಿ ತೆರಬೇಕಾದ ಬೆಲೆ ಹೇಳಬೇಕಿಲ್ಲ.

ಯುದ್ಧದ ನಂತರ ಮರದ ಪಟ್ಟಿ ಗಣಿತಕ್ಕೆ ಬಂತು. 1946ರಲ್ಲಿ ಐಸಾಕ್ ಶೋನ್‌ಬರ್ಗ್ ಹಡಗುಕಟ್ಟೆಯ ಅದೇ 'ಸ್ಪ್ಲೈನ್' ಎಂಬ ಹೆಸರನ್ನು ತನ್ನ ಗಣಿತದ ವಕ್ರರೇಖೆಗಳಿಗೆ ಇಟ್ಟ. ಫ್ರಾನ್ಸಿನ ಕಾರು ಕಾರ್ಖಾನೆಗಳಿಗೂ ಅದೇ ಪ್ರಶ್ನೆ ಎದುರಾಗಿತ್ತು: ಕಲಾವಿದ ಎಳೆದ ಗೆರೆಯನ್ನು ಯಂತ್ರಕ್ಕೆ ತಿಳಿಸುವುದು ಹೇಗೆ? 1959ರಲ್ಲಿ ಸಿಟ್ರೋಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೊ ಉತ್ತರ ಕಂಡುಕೊಂಡ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ಅದೇ ಬಗೆಯ ರೇಖೆಯನ್ನು ಪ್ರಕಟಿಸಿದ, ಹೆಸರು ಅವನದಾಯಿತು. ಎರಡು ತುದಿಬಿಂದುಗಳು, ಗೆರೆಯನ್ನು ತಮ್ಮತ್ತ ಎಳೆಯುವ ಇನ್ನೆರಡು ಬಿಂದುಗಳು, ಒಟ್ಟು ನಾಲ್ಕರಲ್ಲಿ ಒಂದು ಬಾಗು ಮುಗಿಯುತ್ತದೆ.

ಈ ಬೆಜಿಯೆ ರೇಖೆ ಜನಸಾಮಾನ್ಯರ ಮೇಜಿಗೆ ಬಂದದ್ದು ಕಾರ್ಖಾನೆಯ ಬಾಗಿಲಿನಿಂದಲ್ಲ, ಅಚ್ಚುಕೂಟದ ಬಾಗಿಲಿನಿಂದ. ಅಡೋಬಿ ಕಂಪನಿ 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಅಕ್ಷರಗಳ ಆಕಾರವನ್ನು ಇದೇ ರೇಖೆಗಳಲ್ಲಿ ಬರೆಯಿತು. 1987ರಲ್ಲಿ ಇಲಸ್ಟ್ರೇಟರ್, 1989ರಲ್ಲಿ ಕೋರೆಲ್‌ಡ್ರಾ, 2003ರಲ್ಲಿ ಉಚಿತವಾದ ಇಂಕ್‌ಸ್ಕೇಪ್ ಬಂದವು. ನಮ್ಮೂರುಗಳ ಡಿಟಿಪಿ ಅಂಗಡಿಗಳಲ್ಲಿ ಕನ್ನಡದ ಲಗ್ನಪತ್ರಿಕೆಗೆ ಬಳ್ಳಿ ಬಿಡಿಸುವ ಕೋರೆಲ್‌ಡ್ರಾ, ಏರ್‌ಫಾಯಿಲ್ ಎಳೆಯುವುದೂ ಅದೇ ಗೆರೆಯಿಂದಲೇ.

ಇಲ್ಲೊಂದು ಸೊಗಸಾದ ಆಕಸ್ಮಿಕವಿದೆ. ಪೋಸ್ಟ್‌ಸ್ಕ್ರಿಪ್ಟ್‌ನ ಅಳತೆಯಲ್ಲಿ ಒಂದು ಪಾಯಿಂಟ್ ಎಂದರೆ ಇಂಚಿನ 72ನೆಯ ಒಂದು ಭಾಗ. ಹಾಗಾಗಿ 1:72 ಪ್ರಮಾಣದಲ್ಲಿ ನಿಜ ವಿಮಾನದ ಒಂದು ಇಂಚು ಹಾಳೆಯ ಮೇಲೆ ಸರಿಯಾಗಿ ಒಂದು ಪಾಯಿಂಟ್ ಆಗುತ್ತದೆ. ಸ್ಪಿಟ್‌ಫೈರ್ ವಿಮಾನದ ರೆಕ್ಕೆಯ ಹರವು 36 ಅಡಿ 10 ಇಂಚು, ಅಂದರೆ 442 ಇಂಚು. ಹಾಳೆಯ ಮೇಲೆ 442 ಪಾಯಿಂಟ್ ಬರೆದರೆ ಮುಗಿಯಿತು.

ಆಟೋಕ್ಯಾಡ್ 1982ರಲ್ಲೇ ಬಂದಿದ್ದರೂ ಎಷ್ಟೋ ಹವ್ಯಾಸಿಗಳು ಚಿತ್ರಕಾರರ ಸಾಫ್ಟ್‌ವೇರನ್ನೇ ಹಿಡಿದರು. ನನಗೆ ತೋಚುವ ಕಾರಣ, ಎಂಜಿನಿಯರನ ಸಾಫ್ಟ್‌ವೇರಿಗೆ ವಸ್ತು ಮುಖ್ಯ, ಹಾಳೆ ಕೊನೆಗೆ ಬರುವ ಸಂಗತಿ. ಚಿತ್ರಕಾರನ ಸಾಫ್ಟ್‌ವೇರು ಹಾಳೆಯಿಂದಲೇ ಶುರುವಾಗುತ್ತದೆ. ನಕ್ಷೆಯ ಮೇಲೆಯೇ ಕಟ್ಟುವವನಿಗೆ ಬೇಕಾದದ್ದೂ ಹಾಳೆಯೇ. ಬೆಜಿಯೆ ರೇಖೆಯಿಂದ ನಿಜವಾದ ವೃತ್ತ ಬರೆಯಲಾಗದು ಎಂಬ ಆಕ್ಷೇಪವಿದೆ, ನಿಜ. ಆದರೆ ನಾಲ್ಕು ತುಂಡುಗಳಲ್ಲಿ ಬರೆದ 100 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ತಪ್ಪು ಸುಮಾರು 0.03 ಮಿ.ಮೀ. ಮಾತ್ರ. ಅದು ಕಾಗದದ ದಪ್ಪಕ್ಕಿಂತ ಕಡಿಮೆ.

ಹಳೆಯ ಕೈಕೆಲಸವೂ ಇಲ್ಲಿ ಹೊಸ ರೂಪದಲ್ಲಿ ಉಳಿದಿದೆ. ತುದಿಗೆ ಹೋಗುತ್ತಾ ಕಿರಿದಾಗುವ ರೆಕ್ಕೆಗೆ ಪ್ರತಿ ರಿಬ್ಬೂ ಬೇರೆ ಅಳತೆಯದು. ಹಿಂದೆ ಬುಡದ ರಿಬ್, ತುದಿಯ ರಿಬ್ ಎರಡನ್ನು ಗಟ್ಟಿ ಪ್ಲೈವುಡ್ಡಿನಲ್ಲಿ ಮಾಡಿ, ನಡುವೆ ಬಾಲ್ಸಾ ತುಂಡುಗಳನ್ನು ಒತ್ತಾಗಿ ಸೇರಿಸಿ ಬೋಲ್ಟ್ ಬಿಗಿದು, ಒಟ್ಟಿಗೆ ಉಜ್ಜುತ್ತಿದ್ದರು. ಈಗ ಬ್ಲೆಂಡ್ ಎಂಬ ಸಲಕರಣೆ ಎರಡು ಆಕಾರಗಳ ನಡುವಿನ ಎಲ್ಲ ಆಕಾರಗಳನ್ನು ಕ್ಷಣದಲ್ಲಿ ಕೊಡುತ್ತದೆ. ಆದರೆ ಅದು ನೇರವಾಗಿ ಕಿರಿದಾಗುವ ರೆಕ್ಕೆಗೆ ಮಾತ್ರ ಸರಿ. ಸ್ಪಿಟ್‌ಫೈರಿನಂಥ ದೀರ್ಘವೃತ್ತದ ರೆಕ್ಕೆಗೆ ಒಂದೊಂದು ರಿಬ್ಬನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು. ಕಚ್ಚುಗಳನ್ನು ಕೊನೆಯಲ್ಲಿ, ಕೈಯಾರೆ ಹಾಕಬೇಕು. ಏಕೆಂದರೆ ರಿಬ್ ಎಷ್ಟೇ ಚಿಕ್ಕದಾದರೂ ಅದರೊಳಗೆ ಹಾಯುವ ಮರದ ದಪ್ಪ ಚಿಕ್ಕದಾಗುವುದಿಲ್ಲ.

ನಮ್ಮ ಗ್ಲೈಡರು ಸೋತದ್ದೂ ಇಲ್ಲೇ. ಇಂಕ್‌ಸ್ಕೇಪ್ ಮೊದಲು ಒಂದು ಇಂಚಿಗೆ 90 ಪಿಕ್ಸೆಲ್ ಎಂದು ಎಣಿಸುತ್ತಿತ್ತು. 2017ರಲ್ಲಿ ಬಂದ 0.92 ಆವೃತ್ತಿಯಿಂದ, ವೆಬ್‌ನ ನಿಯಮಕ್ಕೆ ಹೊಂದಿಕೊಳ್ಳಲು, 96 ಎಂದು ಎಣಿಸತೊಡಗಿತು. ಹಳೆಯ ಫೈಲು ತೆರೆದಾಗ ಅದು ಏನು ಮಾಡಲಿ ಎಂದು ಕೇಳಿತ್ತು. ನಾವು ಓದದೆ ಒತ್ತಿದ್ದೆವು. 90ನ್ನು 96ರಿಂದ ಭಾಗಿಸಿದರೆ 0.9375. ಅದರಿಂದ 800ನ್ನು ಗುಣಿಸಿದರೆ 750. ಮೂರು ಮಿಲಿಮೀಟರಿನ ಕಚ್ಚು 2.8 ಆಗಿತ್ತು. ಪರದೆಯ ಮೇಲೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರಿಂದ ಏನೂ ತಪ್ಪಿದಂತೆ ಕಂಡಿರಲಿಲ್ಲ. ಕುಗ್ಗಲೊಪ್ಪದ ವಸ್ತು ಮರವೊಂದೇ, ತಪ್ಪನ್ನು ಹೇಳಿದ್ದೂ ಅದೇ.

ನಾನು ಓದುತ್ತಿರುವುದು ಕನ್ನಡದ ಹಸ್ತಪ್ರತಿಗಳನ್ನು. ಹಾಗಾಗಿ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಮರುಬರೆಯುವವರ ಕೆಲಸ ನನಗೆ ತೀರಾ ಪರಿಚಿತವೆನಿಸಿತು. ಸ್ಕ್ಯಾನನ್ನು ಕೆಳಪದರದಲ್ಲಿ ಬೀಗ ಹಾಕಿಟ್ಟು, ಮೇಲಿನ ಪದರದಲ್ಲಿ ಹೊಸ ಗೆರೆ ಎಳೆಯುತ್ತಾರೆ. ಮಡಿಕೆ ಬಿದ್ದಲ್ಲಿ ಹಾಳೆ ಹಿಗ್ಗಿರುತ್ತದೆ, ಎಡ ರೆಕ್ಕೆಗೂ ಬಲ ರೆಕ್ಕೆಗೂ ಒಂದು ಮಿಲಿಮೀಟರ್ ವ್ಯತ್ಯಾಸವಿರುತ್ತದೆ. ಅದು ಕಾಗದದ ದೋಷವೋ, ಬರೆದವನ ಕೈತಪ್ಪೋ, ಬೇಕೆಂದೇ ಮಾಡಿದ್ದೋ? ಕೆಲವು ಮಾದರಿಗಳು ಸುತ್ತು ಹಾಕುತ್ತಾ ಹಾರಲೆಂದು ಒಂದು ರೆಕ್ಕೆಯನ್ನು ಉದ್ದೇಶಪೂರ್ವಕವಾಗಿ ಉದ್ದ ಮಾಡುವುದುಂಟು. ಅರ್ಧವನ್ನು ಬರೆದು ಕನ್ನಡಿಯಂತೆ ತಿರುಗಿಸಿದರೆ ಸಾಫ್ಟ್‌ವೇರು ಎರಡನ್ನೂ ಸಮ ಮಾಡುತ್ತದೆ. ಆಗ ಮೂಲಕರ್ತನ ತಿಳಿವಳಿಕೆಯೇ ಅಳಿಸಿಹೋಗಬಹುದು. ತಿದ್ದುವುದಕ್ಕೆ ಮೊದಲು ತಿದ್ದದಿರಲು ಕಾರಣವಿದೆಯೇ ಎಂದು ನೋಡಬೇಕು ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ನಕ್ಷೆಗೂ ಅದು ಸಲ್ಲುತ್ತದೆ.

ತಾಳೆಗರಿಯ ಕೊನೆಯಲ್ಲಿ ಲಿಪಿಕಾರರು ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಬೇಡಿಕೊಳ್ಳುವುದುಂಟು. ಒಳ್ಳೆಯ ನಕ್ಷೆಯ ಮೂಲೆಯಲ್ಲೂ ಅಂಥದ್ದೊಂದು ಇರುತ್ತದೆ: ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ. ಕತ್ತರಿಸುವ ಮೊದಲು ಇದನ್ನು ಅಳೆದು ನೋಡಿ ಎಂದು ಅದರ ಅರ್ಥ. ನಮಗೆ ಸಿಕ್ಕ ನಕ್ಷೆಯಲ್ಲಿ ಅದು ಇರಲಿಲ್ಲ. ಎರಡನೆಯ ಸಲ ಪ್ರಿಂಟ್ ಹಾಕಿಸುವ ಮೊದಲು ತಮ್ಮ ಆ ಗೆರೆಯನ್ನು ಎಳೆದ, ಪಕ್ಕದಲ್ಲಿ ಮೂಲ ಬರೆದ ಸೀನಿಯರನ ಹೆಸರನ್ನೂ ತಾರೀಕನ್ನೂ ಹಾಕಿದ. ಅಂಗಡಿಯ ಮೇಜಿನ ಮೇಲೆಯೇ ಸ್ಕೇಲು ಇಟ್ಟು ನೋಡಿದೆವು. ನೂರಕ್ಕೆ ನೂರು ಇತ್ತು. ಪ್ಲೈವುಡ್ಡು ಈ ಸಲ ಉಜ್ಜದೆಯೇ ಇಳಿಯಿತು.