ರಿಂಗ್‌ಸ್ಟ್ರಾಸೆ: ವಿಯೆನ್ನಾದ ರಾಜಬೀದಿ

ವಿಯೆನ್ನಾದ ಹಳೆಯ ಪಟ್ಟಣವನ್ನು ಬಳಸಿ ಸಾಗುವ ಈ ಬೀದಿಯ ಜಾಗದಲ್ಲಿ ಹಿಂದೆ ಕೋಟೆಗೋಡೆಯೂ ಅದರಾಚೆ ಬಯಲೂ ಇದ್ದವು. 1683ರಲ್ಲಿ ಆಟೊಮನ್ ಸೇನೆಯನ್ನು ತಡೆದ ಗೋಡೆ ಕಾಲಕ್ರಮೇಣ ಊರಿನ ಬೆಳವಣಿಗೆಗೇ ಅಡ್ಡಿಯಾಯಿತು. 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಅದನ್ನು ಕೆಡವಲು ಆಜ್ಞೆ ಹೊರಡಿಸಿದ. 1865ರ ಮೇ 1ರಂದು ಬೀದಿಯ ಉದ್ಘಾಟನೆಯಾಯಿತು.

ಬೀದಿಯ ಬದಿಯಲ್ಲಿ ಭವ್ಯ ಕಟ್ಟಡಗಳು ಎದ್ದವು: ಸಂಸತ್ ಭವನಕ್ಕೆ ಗ್ರೀಕ್ ಶೈಲಿ, ನಗರಸಭೆಗೆ ಗಾಥಿಕ್. ನೋಡಲು ಪ್ರಾಚೀನವಾದರೂ ಎರಡೂ 19ನೇ ಶತಮಾನದವೇ.

ಒಪೆರಾ ಭವನ 1869ರಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ಯೊಂದಿಗೆ ತೆರೆಯಿತು. ಕಟ್ಟುವಾಗಲೇ ಜನರ ಕಟು ಟೀಕೆಗೆ ಗುರಿಯಾಗಿದ್ದ ಅದರ ವಾಸ್ತುಶಿಲ್ಪಿಗಳು, ಫಾನ್ ಡೆರ್ ನ್ಯೂಲ್ ಮತ್ತು ಸಿಕಾರ್ಡ್ಸ್‌ಬುರ್ಗ್, ಅಷ್ಟರಲ್ಲಿ ತೀರಿಕೊಂಡಿದ್ದರು. ಇಂದು ನಗರದ ಹೆಮ್ಮೆಯ ಕಟ್ಟಡಗಳಲ್ಲಿ ಇದೂ ಒಂದು.

ಸುಮಾರು 5 ಕಿ.ಮೀ. ಉದ್ದದ ಈ ಬೀದಿಯ ಬಹುಭಾಗವನ್ನು ಟ್ರಾಮ್‌ನಲ್ಲಿ ಕುಳಿತೇ ನೋಡಬಹುದು.